ಪಟ್ಟಿಗೆ ಬಾರದ ಫೋಟೋಗಳು

ಸಣ್ಣವ್ವ ಅಂದರೆ ನಮ್ಮ ಅವ್ವನ ತಂಗಿ. ಆಂಧ್ರದ ಆಲೂರಿನ ಕನ್ನಡ ಸಾಲೆಯಲ್ಲಿ ಹತ್ತನೇ ತರಗತಿ ಮುಗಿಸಿ ನಾನು ಇಂಟರ್, ಅಂದರೆ ಪಿಯುಸಿ, ಓದಲು ಆದವಾನಿಗೆ ಬಂದಾಗ ಉಳಿದುಕೊಂಡದ್ದು ಅವಳ ಮನೆಯಲ್ಲಿ. ಓದು ಮುಗಿದರೂ ನಾನು ಊರಿಗೆ ಹಿಂತಿರುಗಲಿಲ್ಲ. ಮದುವೆಯಾದ ಮೇಲೂ ಗಂಡನೊಡನೆ ಅವಳ ಓಣಿಯಲ್ಲೇ ಬಾಡಿಗೆ ಮನೆ ಹಿಡಿದೆ. ಅವಳಿಗೆ ಮಕ್ಕಳಿರಲಿಲ್ಲ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ನನ್ನ ಮಗಳು ಹುಟ್ಟಿದ ಮೇಲೆ ಆ ಕೂಸು ನನ್ನದೋ ಅವಳದೋ ಎಂದು ಓಣಿಯವರು ನಗುತ್ತಿದ್ದರು. ರಾತ್ರಿ ಮಗಳು ಮಲಗುತ್ತಿದ್ದದ್ದು ಸಣ್ಣವ್ವನ ಮಗ್ಗುಲಲ್ಲೇ.

ಸಣ್ಣವ್ವನ ದುಡಿಮೆ ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನಲ್ಲಿ. ಮಾರ್ಕೆಟ್ಟಿಗೆ ಹತ್ತಿ ಬರತೊಡಗಿದರೆ ಬೇಸಿಗೆಯ ತನಕ ಅವಳು ಮನೆಯಲ್ಲಿ ಸಿಗುತ್ತಿರಲಿಲ್ಲ. ರಾಶಿಯ ಮುಂದೆ ಕುಳಿತು ಎಲೆ, ಕಡ್ಡಿ, ಕಸ ಆರಿಸಿ, ಬುಟ್ಟಿ ತುಂಬಿ, ಯಂತ್ರಕ್ಕೆ ಸುರಿಯುವುದು ಅವಳ ಸಾಲಿನ ಹೆಂಗಸರ ಕೆಲಸ. ಮೂಗು ಬಾಯಿಗೆ ಸೆರಗು ಬಿಗಿದುಕೊಂಡರೂ ಸಂಜೆ ಮನೆಗೆ ಬಂದಾಗ ಹುಬ್ಬು, ರೆಪ್ಪೆ, ಮೂಗಿನ ಹೊಳ್ಳೆ ಎಲ್ಲ ಬೆಳ್ಳಗಾಗಿರುತ್ತಿದ್ದವು. ಅಲ್ಲಿ ಕೆಮ್ಮದವರೇ ಇರಲಿಲ್ಲ. ಅದಕ್ಕೆ ಜಿನ್ನಿನ ಕೆಮ್ಮು ಅಂತಲೇ ಹೆಸರು. ಬಾಯಲ್ಲಿ ಒಂದು ಬೆಲ್ಲದ ಚೂರು ಇಟ್ಟುಕೊಂಡರೆ ಧೂಳು ಒಳಗೆ ಇಳಿಯುವುದಿಲ್ಲ ಎಂದು ನಂಬಿದ್ದರು. ಸೀಸನ್ ಮುಗಿದರೆ ಕೆಮ್ಮೂ ಹೋಗುತ್ತದೆ ಅನ್ನುತ್ತಿದ್ದರು.

ನಾನು ಕೆಲಸಕ್ಕಿದ್ದದ್ದು ಒಂದು ಎಕ್ಸ್‌ರೇ ಸೆಂಟರಿನಲ್ಲಿ. ಕಂಪ್ಯೂಟರ್ ಮುಂದಿನ ಕೆಲಸ. ಟೆಕ್ನಿಷಿಯನ್ ತೆಗೆದ ಎಕ್ಸ್‌ರೇಗಳನ್ನು ಕಂಪ್ಯೂಟರಿಗೆ ಇಳಿಸಿ, ರೋಗಿಯ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಇಂಟರ್ನೆಟ್ಟಿನ ಕ್ಲೌಡಿನಲ್ಲಿ ಆಯಾ ದಿನದ ಫೋಲ್ಡರಿಗೆ ಹಾಕಬೇಕು. ನಮ್ಮಲ್ಲಿ ಎಕ್ಸ್‌ರೇ ಓದುವ ಡಾಕ್ಟರು ಇರಲಿಲ್ಲ. ಹೈದರಾಬಾದಿನಲ್ಲಿ ಒಬ್ಬರಿದ್ದರು. ಅವರು ಅಲ್ಲಿಂದಲೇ ನೋಡಿ ರಿಪೋರ್ಟ್ ಕಳಿಸುತ್ತಿದ್ದರು.

ಮೊದಮೊದಲು ಅವರು ಫೋಲ್ಡರನ್ನೇ ತೆರೆದು ನೋಡುತ್ತಿದ್ದರು. ಯಾವುದು ನೋಡಿಯಾಯಿತು, ಯಾವುದು ಬಾಕಿ ಎಂದು ಗೊಂದಲವಾಗಿ ಬೈದರು. ಆಗ ಸೆಂಟರಿನ ಮಾಲೀಕರು, ಬಳ್ಳಾರಿಯಿಂದ ನಮ್ಮ ಕಂಪ್ಯೂಟರ್ ರಿಪೇರಿಗೆ ಬರುತ್ತಿದ್ದವರ ಕೈಲಿ ಒಂದು ಸಣ್ಣ ಸಾಫ್ಟ್‌ವೇರ್ ಮಾಡಿಸಿದರು. ಬಟನ್ ಒತ್ತಿದರೆ ಫೋಲ್ಡರಿನಲ್ಲಿರುವ ಫೈಲುಗಳೆಲ್ಲ ಅಕ್ಷರದ ಕ್ರಮದಲ್ಲಿ ಪಟ್ಟಿಯಾಗಿ ಬರುತ್ತಿದ್ದವು. ಡಾಕ್ಟರು ಹೆಸರು ಒತ್ತಿ ಎಕ್ಸ್‌ರೇ ನೋಡಿ, ಏನೂ ಇಲ್ಲದಿದ್ದರೆ ‘ಸರಿ’ ಎಂದು ಗುರುತು ಹಾಕುತ್ತಿದ್ದರು. ಗುರುತು ಬಿದ್ದ ಹೆಸರು ಪಟ್ಟಿಯಿಂದ ಮರೆಯಾಗುತ್ತಿತ್ತು. ಫೈಲು ಮಾತ್ರ ಫೋಲ್ಡರಿನಲ್ಲೇ ಇರುತ್ತಿತ್ತು. ತೊಂದರೆ ಇದ್ದವರ ಹೆಸರಿಗೆ ಕೆಂಪು ಬಣ್ಣ ಬರುತ್ತಿತ್ತು. ಅಂಥವರಿಗೆ ನಾನು ಫೋನ್ ಮಾಡಿ ಕರೆಸಬೇಕು. ದಿನದ ಕೆಲಸಕ್ಕೆ ಅದು ಚೆನ್ನಾಗಿಯೇ ನಡೆಯಿತು. ಡಾಕ್ಟರು ಬೈಯುವುದನ್ನು ಬಿಟ್ಟರು.

ಆ ವರ್ಷ ಸೀಸನ್ ಶುರುವಾದ ಹೊತ್ತಿಗೆ ಒಂದು ಮಿಲ್ಲಿನವರು ತಮ್ಮ ಕೂಲಿಯವರಿಗೆಲ್ಲ ಎದೆಯ ಎಕ್ಸ್‌ರೇ ತೆಗೆಸಲು ನಮ್ಮ ಸೆಂಟರಿಗೆ ಹೇಳಿದರು. ಸಣ್ಣವ್ವನ ಮಿಲ್ಲೇ ಅದು. ಯಂತ್ರವನ್ನು ವ್ಯಾನಿನಲ್ಲಿ ಒಯ್ದು ಗೋದಾಮಿನ ಪಕ್ಕದಲ್ಲಿ ಇಳಿಸಿದೆವು. ಹೆಂಗಸರು ಒಂದು ಸಾಲು, ಹತ್ತಿಯ ಬೇಲು ಹೊರುವ ಗಂಡಸರು ಒಂದು ಸಾಲು. ಸಣ್ಣವ್ವ ತನ್ನ ಸರದಿ ಬಂದಾಗ ನನ್ನ ಕಡೆ ನೋಡಿ, “ಫೋಟೋಕ್ಕ ನಗಬೇಕೇನವ್ವಾ?” ಎಂದು ಕೇಳಿ ಎಲ್ಲರನ್ನೂ ನಗಿಸಿದಳು. ಕೊನೆಗೆ ಮಾಲೀಕರು ಎಲ್ಲರಿಗೂ ಕೇಳುವಂತೆ ತೆಲುಗಿನಲ್ಲೂ ಕನ್ನಡದಲ್ಲೂ ಹೇಳಿದರು: “ಏನಾದ್ರೂ ತೊಂದರೆ ಇದ್ದೋರಿಗೆ ನಾವೇ ಫೋನ್ ಮಾಡ್ತೀವಿ. ಫೋನ್ ಬರ್ಲಿಲ್ಲ ಅಂದ್ರೆ ನಿಮಗೆ ಏನೂ ಇಲ್ಲ ಅಂತ ತಿಳ್ಕೊಳ್ರಿ.”

ಈ ಕ್ಯಾಂಪಿಗೆಂದೇ ಬೇರೆ ಫೋಲ್ಡರ್ ಮಾಡಿ ನೂರಕ್ಕೂ ಮಿಕ್ಕಿದ ಎಕ್ಸ್‌ರೇಗಳನ್ನೆಲ್ಲ ಒಟ್ಟಿಗೆ ಹಾಕಿದೆ. ಡಾಕ್ಟರು ಒಂದು ವಾರದಲ್ಲಿ ಮುಗಿಸಿದರು. ಕೆಂಪು ಹೆಸರುಗಳು ಕೆಲವೇ ಉಳಿದವು. ಅವರಿಗೆ ಫೋನ್ ಮಾಡಿದೆ. ಸಣ್ಣವ್ವನ ಹೆಸರು ಅದರಲ್ಲಿ ಇರಲಿಲ್ಲ.

ಸಂಕ್ರಾಂತಿ ಕಳೆದರೂ ಅವಳ ಕೆಮ್ಮು ನಿಲ್ಲಲಿಲ್ಲ. ರವಿಕೆ ತೋಳು ಸಡಿಲವಾಯಿತು. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು.

“ಒಮ್ಮಿ ನಿನ್ನ ಕಂಪ್ಯೂಟರಿನಾಗ ನನ್ ಹೆಸರು ನೋಡು,” ಅಂದಳು ಒಂದು ದಿನ.

ನೋಡಿದೆ. ಪಟ್ಟಿಯಲ್ಲಿ ಇರಲಿಲ್ಲ. ಆದರೂ ಮನಸ್ಸು ಒಪ್ಪದೆ ಮಾಲೀಕರನ್ನು ಕೇಳಿದೆ. ಅವರು ನನ್ನ ಕುರ್ಚಿಯ ಹಿಂದೆ ನಿಂತು ಪರದೆ ನೋಡಿ, “ಏಮೀ ಲೇದಮ್ಮಾ, ಏನೂ ಇಲ್ಲ. ಡಾಕ್ಟರು ಸರಿ ಅಂತ ಹಾಕಿದ್ರಿಂದಲೇ ಹೆಸರು ಹೋಗಿದೆ. ಜಿನ್ನಿನ ಕೆಮ್ಮು ಯಾರಿಗಿಲ್ಲ?” ಅಂದರು. ಮನೆಗೆ ಹೋಗಿ ಸಣ್ಣವ್ವನಿಗೆ ಹಾಗೇ ಹೇಳಿದೆ. ಅವಳ ಮುಖ ಸ್ವಲ್ಪ ಗೆಲುವಾಯಿತು. “ಏನರ ಇದ್ದಿದ್ರ ಕರೀತಿದ್ರು ಬಿಡು,” ಎಂದು ಮೆಡಿಕಲ್ ಶಾಪಿನಿಂದ ಕೆಮ್ಮಿನ ಔಷಧ ತರಿಸಿಕೊಂಡಳು. ಮತ್ತೆ ಕೆಲಸಕ್ಕೆ ಹೋದಳು.

ಬಿಸಿಲು ಏರತೊಡಗಿದ ಕಾಲ. ಒಂದು ಬೆಳಿಗ್ಗೆ ಮಗಳು ಓಡಿಬಂದು, “ಅವ್ವಾ, ಅಜ್ಜಿ ಕೆಂಪಗ ಉಗುಳಾಕತ್ಯಾಳ,” ಅಂದಳು. ಹೋಗಿ ನೋಡಿದರೆ ಸಣ್ಣವ್ವ ಬಚ್ಚಲ ಕಲ್ಲಿನ ಮೇಲೆ ಕುಳಿತಿದ್ದಾಳೆ. ಮುಂದೆ ರಕ್ತ. ಅದರ ಮೇಲೆ ತಂಬಿಗೆಯಿಂದ ನೀರು ಸುರಿಯುತ್ತಾ, “ಎಲಿ ಅಡಿಕಿ ಹಾಕ್ಕೊಂಡಿದ್ದೆ,” ಎಂದು ಸುಳ್ಳು ಹೇಳಿದಳು. ಅವಳು ಎಲೆ ಅಡಿಕೆ ಹಾಕಿದವಳೇ ಅಲ್ಲ.

ಆಟೋ ಹಿಡಿದು ನೇರ ಸೆಂಟರಿಗೆ ಕರೆದುಕೊಂಡು ಹೋದೆ. ಹೊಸದಾಗಿ ಎಕ್ಸ್‌ರೇ ತೆಗೆಸಿದೆ. ಕ್ಯಾಂಪಿಗೆ ಬಂದವಳಾದ್ದರಿಂದ ಕ್ಯಾಂಪಿನ ಫೋಲ್ಡರಿಗೇ ಹಾಕಿ ಡಾಕ್ಟರಿಗೆ ಫೋನ್ ಮಾಡಿದೆ.

“ಸರ್, ನಮ್ಮ ಸಣ್ಣಮ್ಮನ ಎಕ್ಸ್‌ರೇ ಹಾಕಿದ್ದೇನೆ. ದಯವಿಟ್ಟು ಈಗಲೇ ನೋಡಿ.”

ಸ್ವಲ್ಪ ಹೊತ್ತು ಬಿಟ್ಟು ಅವರು ತೆಲುಗಿನಲ್ಲಿ, “ನನಗೇನೂ ಬಂದಿಲ್ಲಮ್ಮಾ,” ಅಂದರು.

ಮತ್ತೆ ಹಾಕಿದೆ. ಮತ್ತೆ ಬಂದಿಲ್ಲ ಅಂದರು. ನಾನೇ ಪಟ್ಟಿ ತೆರೆದೆ. ಇಲ್ಲ. ಫೋಲ್ಡರ್ ತೆರೆದೆ. ಇದೆ. ಕೆಳಗೆ, ಎಲ್ಲಕ್ಕಿಂತ ಕೆಳಗೆ, ಈಗ ಹಾಕಿದ ಎರಡೂ ಇದ್ದವು. ಅವುಗಳ ಮೇಲೆ ಕ್ಯಾಂಪಿನ ದಿನದ್ದೂ ಇತ್ತು. ಮೂರನ್ನೂ ಡಾಕ್ಟರಿಗೆ ವಾಟ್ಸಾಪಿನಲ್ಲಿ ಕಳಿಸಿದೆ.

ಅವರು ತಾವೇ ಫೋನ್ ಮಾಡಿದರು. “ಈ ಹಳೇದು ಯಾವಾಗಿನದು?”

“ಕ್ಯಾಂಪಿನದು ಸರ್. ನೀವು ನೋಡಿದ್ದೇ.”

“ನಾನು ಇದನ್ನು ನೋಡೇ ಇಲ್ಲ,” ಅಂದರು. “ನೋಡಿದ್ದರೆ ಅವತ್ತೇ ಹೇಳುತ್ತಿದ್ದೆ. ಬಲಗಡೆ ಮೇಲೆ ಮಚ್ಚೆ ಎದ್ದು ಕಾಣುತ್ತಿದೆ. ಈಗಿನದರಲ್ಲಿ ಎರಡೂ ಕಡೆ ಹರಡಿದೆ. ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕಫ ಕೊಡಿಸಿ. ಟಿಬಿ ಅಂತ ಕಾಣುತ್ತದೆ.”

ಸಣ್ಣವ್ವ ಹೊರಗೆ ಬೆಂಚಿನ ಮೇಲೆ ಕುಳಿತು ಗೋಡೆಗೆ ತಲೆ ಆನಿಸಿದ್ದಳು. ಅವಳನ್ನು ಅಲ್ಲಿಂದ ಆಸ್ಪತ್ರೆಗೆ ಕರೆದೊಯ್ದು ಕಫ ಕೊಡಿಸಿ ಮನೆಗೆ ಬಿಟ್ಟು ಮತ್ತೆ ಸೆಂಟರಿಗೆ ಬಂದೆ. ಬಳ್ಳಾರಿಯವರಿಗೆ ಫೋನ್ ಹಚ್ಚಿದೆ. ಅವರು ನನ್ನ ಮಾತು ಕೇಳಿ, ನಮ್ಮ ಕಂಪ್ಯೂಟರನ್ನು ಅಲ್ಲಿಂದಲೇ ತೆರೆದು ನೋಡಿದರು. ಕರೆ ಕಟ್ಟಾಯಿತೇನೋ ಎಂದು ನಾನು ಹಲೋ ಹಲೋ ಅಂದೆ.

“ಇಲ್ಲೇ ಅದೀನ್ರಿ ಮೇಡಂ,” ಅಂದರು. “ಈ ಕ್ಲೌಡು ಒಮ್ಮೆ ಕೇಳಿದ್ರ ನೂರು ಫೈಲಿನ ಹೆಸರು ಅಷ್ಟ ಕೊಡ್ತೈತ್ರಿ. ಹೆಚ್ಚಿದ್ರ ಇನ್ನೂ ಅದಾವ ಅಂತ ಒಂದು ಗುರುತು ಕಳಸ್ತೈತಿ. ಆ ಗುರುತು ಹಿಡದು ಮತ್ತೊಮ್ಮೆ ಕೇಳಬೇಕು. ನಾ ಅದನ್ನ ಬರದಿಲ್ಲ. ಆಗ ನಿಮ್ಮಲ್ಲಿ ದಿನಕ್ಕ ನೂರು ಎಂದೂ ಆಗ್ತಿರಲಿಲ್ಲಲ್ರಿ.”

“ಹಂಗಾದ್ರ ನೂರರ ಮ್ಯಾಲಿನವು?”

“ಬಂದಿಲ್ರಿ.”

ತಪ್ಪಾಗಿದೆ ಎಂಬ ಒಂದು ಸೂಚನೆಯೂ ಪರದೆಯ ಮೇಲೆ ಬಂದಿರಲಿಲ್ಲ. ಡಾಕ್ಟರು ನೋಡಿ ಸರಿ ಎಂದು ಬಿಟ್ಟವರ ಹೆಸರೂ ಪಟ್ಟಿಯಲ್ಲಿ ಇಲ್ಲ. ನೋಡದೇ ಉಳಿದವರ ಹೆಸರೂ ಇಲ್ಲ. ಎರಡಕ್ಕೂ ವ್ಯತ್ಯಾಸ ಯಾರಿಗೂ ತಿಳಿಯುವಂತಿರಲಿಲ್ಲ.

ಫೋಲ್ಡರಿನ ಕೊನೆಯ ಹೆಸರುಗಳನ್ನು ಒಂದೊಂದಾಗಿ ಓದಿದೆ. ಇಂಗ್ಲಿಷ್ ಅಕ್ಷರದ ಕ್ರಮವಾದ್ದರಿಂದ ಕೊನೆಗೆ ಬಿದ್ದವರೆಲ್ಲ ನಮ್ಮ ಕಡೆಯ ದೇವರ ಹೆಸರಿನವರು. ಉರುಕುಂದದ ಈರಣ್ಣನ ಹರಕೆಯಿಂದ ಹುಟ್ಟಿ ಆತನ, ಆತನ ಊರಿನ ಹೆಸರು ಪಡೆದ ಗಂಡಸರು, ಎಲ್ಲಮ್ಮನ ಹೆಸರಿಟ್ಟ ಹೆಂಗಸರು; ಇಂಗ್ಲಿಷಿನಲ್ಲಿ ಬರೆದರೆ ಯು, ವಿ, ವೈ ಅಕ್ಷರದವರು. ಸಣ್ಣವ್ವನದೂ ಆ ದೇವಿಯ ಹೆಸರೇ. ಓದುತ್ತಾ ಓದುತ್ತಾ ಒಬ್ಬೊಬ್ಬರ ಮುಖ ನೆನಪಾಯಿತು.

ಮಾಲೀಕರಿಗೆ ಹೇಳಿದಾಗ ಅವರ ಮುಖದ ಬಣ್ಣವೇ ಇಳಿದುಹೋಯಿತು. ಕುರ್ಚಿ ಎಳೆದುಕೊಂಡು ತಲೆಯ ಮೇಲೆ ಕೈ ಇಟ್ಟು ಕುಳಿತರು. ಆಮೇಲೆ ಡಾಕ್ಟರಿಗೆ ತಾವೇ ಫೋನ್ ಮಾಡಿ ಉಳಿದವನ್ನೆಲ್ಲ ಅಂದೇ ಓದಿಸಿದರು. ಸಂಜೆಗೆ ಉತ್ತರ ಬಂತು. ಬಹಳಷ್ಟು ಜನರಿಗೆ ಏನೂ ಇರಲಿಲ್ಲ. ಸಣ್ಣವ್ವನನ್ನು ಬಿಟ್ಟು ಇನ್ನೂ ಮೂವರ ಎದೆಯಲ್ಲಿ ಮಚ್ಚೆ ಇತ್ತು.

“ಮೂವರಿಗೂ ಫೋನ್ ಮಾಡು,” ಅಂದರು ಮಾಲೀಕರು. “ಇನ್ನೊಮ್ಮೆ ಫೋಟೋ ತೆಗೀಬೇಕು, ಬನ್ನಿ ಅಂತ ಮಾತ್ರ ಹೇಳು. ಈ ಕಥೆಯೆಲ್ಲ ಬೇಡ. ಜನ ಬಂದು ಬಾಗಿಲು ಒಡೀತಾರೆ. ಸೆಂಟರ್ ಮುಚ್ಚಿದ್ರೆ ನಿಮ್ಮೆಲ್ಲರ ಗತಿ ಏನಮ್ಮಾ?”

ಇಬ್ಬರು ಸಿಕ್ಕರು. ಬಂದರು. ಮೂರನೆಯವರದ್ದು ಎಂದು ಬರೆಸಿದ್ದ ನಂಬರು ಮಿಲ್ಲಿನ ಮೇಸ್ತ್ರಿಯದು. ಅವನು, “ಆತ ಸೀಸನ್ ನಡುವ ಬಿಟ್ಟು ಹೋದ. ಆಲೂರ ಕಡೇಯವ,” ಎಂದು ಹಳ್ಳಿಯ ಹೆಸರು ಹೇಳಿದ. ಅದು ನಮ್ಮ ತವರಿಗೆ ಹೋಗುವ ದಾರಿಯಲ್ಲೇ ಇತ್ತು. ಭಾನುವಾರ ಬಸ್ಸು ಹತ್ತಿದೆ.

ಕುರಿ ಸಾಕುವವರ ಮನೆ. ಅಂಗಳದ ಮುಳ್ಳುಬೇಲಿಯೊಳಗೆ ಮರಿಗಳು ಒದರುತ್ತಿದ್ದವು. ಕಟ್ಟೆಯ ಮೇಲೆ ಒಬ್ಬ ಗಂಡಸು ಉಣ್ಣೆ ಕತ್ತರಿಸುವ ಕತ್ತರಿ ಮಸೆಯುತ್ತಿದ್ದ. ಒಳಗಿನಿಂದ ಬಂದ ಹೆಂಗಸಿನ ಹಣೆ ಬರಿದಾಗಿತ್ತು. ಅದನ್ನು ನೋಡಿದ ಕೂಡಲೇ ನನಗೆ ತಿಳಿಯಿತು. ಆದರೂ ಆತನ ಹೆಸರು ಹೇಳಿ ಕೇಳಿದೆ.

“ಅವ್ರು ಹೋದ್ರವ್ವಾ. ಶಿವರಾತ್ರಿ ಹಿಂದುಮುಂದ,” ಅಂದಳು. ನೀರು ತಂದುಕೊಟ್ಟು ಎದುರಿಗೆ ಕುಳಿತಳು. “ನೀವು ಯಾರು?”

“ಆದವಾನಿಯಿಂದ ಬಂದೀನಿ. ಏನಾಗಿತ್ತಕ್ಕಾ ಅವ್ರಿಗೆ?”

“ಕೆಮ್ಮು. ಕಡೀಕ ರಕ್ತ ಬಿತ್ತು. ಕರ್ನೂಲಿಗೆ ಒಯ್ದಿವಿ. ಟಿಬಿ ಐತಿ, ಬಾಳ ತಡಾ ಮಾಡೀರಿ ಅಂತ ನಮಗ ಬೈದ್ರು. ನಾವೇನು ತಡಾ ಮಾಡಿದ್ವಿ? ಮಿಲ್ಲಿನಾಗ ಎದಿ ಫೋಟೋ ತೆಗದಿದ್ರಂತ. ಏನರ ಇದ್ರ ಫೋನ್ ಮಾಡ್ತೀವಿ ಅಂದಿದ್ರಂತ. ಮಾಡ್ಲಿಲ್ಲ. ಏನೂ ಇಲ್ಲ ಅಂತ ಸುಮ್ಮನಾದ್ವಿ.”

ನೀರಿನ ಚೆಂಬು ಕೈಯಲ್ಲೇ ಇತ್ತು. ಕುಡಿದು ಎದ್ದು ಬಂದುಬಿಡಬಹುದಾಗಿತ್ತು. ಆದರೆ ಅವಳು ‘ನಾವೇನು ತಡಾ ಮಾಡಿದ್ವಿ’ ಅಂದದ್ದು ನನ್ನನ್ನು ಏಳಗೊಡಲಿಲ್ಲ. ಜೀವನ ಪೂರ್ತಿ ಇವಳು ತಡ ಮಾಡಿದವಳು ತಾನೇ ಎಂದುಕೊಂಡಿರಬೇಕೇ?

“ಅಕ್ಕಾ, ನಾ ಆ ಫೋಟೋ ತೆಗದ ಸೆಂಟರಿನಾಕಿ. ನೀವು ತಡಾ ಮಾಡಿಲ್ಲ. ನಿಮ್ಮ ಯಜಮಾನ್ರ ಫೋಟೋ ಡಾಕ್ಟರು ನೋಡಿರಲೇ ಇಲ್ಲ. ಕಂಪ್ಯೂಟರಿನಾಗ ಇತ್ತು. ಡಾಕ್ಟರಿಗೆ ತೋರಿಸೋ ಪಟ್ಟಿಯೊಳಗ ಬರಲಿಲ್ಲ. ನಮಗೂ ಮೊನ್ನೆ ಮೊನ್ನೆ ಗೊತ್ತಾತು.”

ಕತ್ತರಿ ಮಸೆಯುವ ಸದ್ದು ನಿಂತಿತು. ಕಟ್ಟೆಯ ಮೇಲಿದ್ದವನು ಸತ್ತವನ ತಮ್ಮ. ಎದ್ದು ಬಂದು ನನ್ನ ಮುಂದೆ ನಿಂತ. “ಇತ್ತು ಅಂತೀ, ಬರಲಿಲ್ಲ ಅಂತೀ. ಏನಂದಂಗಾತು ಇದು?”

ನನಗೆ ತಿಳಿದಷ್ಟು ಬಿಡಿಸಿ ಹೇಳಿದೆ. ನೂರು ಹೆಸರಿಗೆ ಪಟ್ಟಿ ನಿಂತುಹೋದದ್ದು, ಮುಂದಿನದನ್ನು ಅದು ಕೇಳದೇ ಬಿಟ್ಟದ್ದು. ಹೇಳುತ್ತಿದ್ದಂತೆ ನನ್ನ ಕಿವಿಗೇ ಅದು ನಾಚಿಕೆಗೇಡಿನ ಮಾತಾಗಿ ಕೇಳಿಸಿತು. ಅವನು ಬೈಯಲಿಲ್ಲ. ನೆಲಕ್ಕೆ ಉಗುಳಿ ಬೇಲಿಯ ಕಡೆ ಹೋದ.

ಆಕೆ, “ನೋಡಿದ್ರ ಉಳೀತಿದ್ರೇನು?” ಎಂದು ಕೇಳಿದಳು.

“ನಂಗ ಗೊತ್ತಿಲ್ಲಕ್ಕಾ. ಗುಳಿಗಿ ಜಲ್ದಿ ಸುರು ಮಾಡಿದವ್ರು ಬಾಳ ಮಂದಿ ಉಳೀತಾರ.”

“ಉಳೀತಿದ್ರು ಅನ್ನು,” ಅಂದಳು ಅವಳು. ಅಳಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಮರಿಗಳ ಕಡೆ ನೋಡುತ್ತಾ ಕುಳಿತಳು. ಮನೆಯಲ್ಲಿರುವ ಮಕ್ಕಳನ್ನೆಲ್ಲ ಒಮ್ಮೆ ಆಸ್ಪತ್ರೆಗೆ ತೋರಿಸಬೇಕು ಎಂದು ನಾನು ಹೇಳಿದಾಗ ಮಾತ್ರ ಬೆಚ್ಚಿ, ಒಳಗೆ ಕೂಗಿ ಮಕ್ಕಳನ್ನು ಕರೆದಳು. ಇಬ್ಬರು ಬಂದು ಅವಳ ಬೆನ್ನಿಗೆ ಅಂಟಿ ನಿಂತರು. ದೊಡ್ಡವಳ ಗಲ್ಲ ಹಿಡಿದು ಅವಳು, “ಕೆಮ್ಮು ಬರ್ತೈತೇನ? ಖರೇ ಹೇಳು,” ಎಂದು ಕೇಳತೊಡಗಿದಳು. ಮಗು ಇಲ್ಲ ಅಂದರೂ ಮತ್ತೆ ಮತ್ತೆ ಕೇಳಿದಳು.

ಮುಂದಿನ ವಾರ ಆ ಹಳ್ಳಿಯ ಹಿರಿಯರು ಜೀಪು ಮಾಡಿಕೊಂಡು ಸೆಂಟರಿಗೆ ಬಂದರು. ಮಾಲೀಕರು ಅವರನ್ನು ಒಳಗೆ ಕೂಡಿಸಿ ಬಾಗಿಲು ಹಾಕಿಕೊಂಡು ಮಾತಾಡಿದರು. ದೊಡ್ಡ ದನಿಗಳು ಕೇಳಿದವು. ಆಮೇಲೆ ಸಣ್ಣ ದನಿಗಳು. ಏನು ತೀರ್ಮಾನವಾಯಿತೋ ನನಗೆ ಯಾರೂ ಹೇಳಲಿಲ್ಲ. ಅವರು ಹೋದ ಮೇಲೆ ಮಾಲೀಕರು ನನ್ನನ್ನು ಕರೆದರು.

“ನಾನು ಏನು ಹೇಳಿದ್ದೆ, ನೀನು ಏನು ಮಾಡಿದೆ?”

“ಆಕಿ ತನ್ನ ತಪ್ಪು ಅಂತ ತಿಳ್ಕೊಂಡಿದ್ಳು ಸರ್.”

“ಇನ್ನು ನಾಳೆಯಿಂದ ಬರಬೇಡ,” ಅಂದರು. ಕೋಪಕ್ಕಿಂತ ದಣಿವೇ ಹೆಚ್ಚಾಗಿತ್ತು ಅವರ ದನಿಯಲ್ಲಿ. ನನ್ನ ಟಿಫಿನ್ ಡಬ್ಬಿ ತೆಗೆದುಕೊಂಡು ಬಂದುಬಿಟ್ಟೆ. ಆ ಸಾಫ್ಟ್‌ವೇರನ್ನು ಬಳ್ಳಾರಿಯವರು ಅಷ್ಟರಲ್ಲಿ ಸರಿ ಮಾಡಿದ್ದರು. ನಾಲ್ಕೈದು ಸಾಲಿನ ಕೆಲಸವಂತೆ. “ಈಗ ಎಲ್ಲಾ ಹೆಸರೂ ಬರ್ತಾವ್ರಿ ಮೇಡಂ,” ಎಂದು ನನಗೆ ಫೋನ್ ಮಾಡಿ ಹೇಳಿದರು. ನನ್ನ ಕೆಲಸ ಹೋದದ್ದು ಅವರಿಗೆ ಗೊತ್ತಿರಲಿಲ್ಲ.

ಇತ್ತ ಸಣ್ಣವ್ವನ ಕಫದಲ್ಲಿ ಟಿಬಿ ಇರುವುದು ಖಾತ್ರಿಯಾಗಿ ಗುಳಿಗೆ ಶುರುವಾಗಿತ್ತು. ಗುಳಿಗೆ ತಂದುಕೊಟ್ಟ ಆಶಾ ಕಾರ್ಯಕರ್ತೆ ಬಾಗಿಲಲ್ಲೇ ನಿಂತು, “ಇವರ ಜೊತೆ ಒಂದೇ ಕೋಣೆಯಲ್ಲಿ ಯಾರು ಮಲಗ್ತಾರೆ?” ಎಂದು ಕೇಳಿದಳು. ನನ್ನ ಮಗಳು ಒಳಗಿನಿಂದ, “ನಾನೇ!” ಎಂದು ಕೂಗಿದಳು.

ಮಗಳ ಪರೀಕ್ಷೆ ಮಾಡಿಸಿದೆವು. ರೋಗವಿರಲಿಲ್ಲ. ಬರದಂತೆ ತಡೆಯಲು ಅವಳಿಗೂ ಗುಳಿಗೆ ಕೊಟ್ಟರು. ಅದನ್ನು ನುಂಗಿಸುವುದು ದಿನಾ ಒಂದು ಜಗಳ. ಅದರ ಸದ್ದು ಸಣ್ಣವ್ವನ ಮನೆಗೆ ಕೇಳುತ್ತಿತ್ತು. ಅವತ್ತಿನಿಂದ ಅವಳು ಮಗುವನ್ನು ಹತ್ತಿರ ಸೇರಿಸಲಿಲ್ಲ. ಕೂಸು ಓಡಿಹೋದರೆ ಸೆರಗು ಮುಖಕ್ಕೆ ಮುಚ್ಚಿ, “ಅಲ್ಲೇ ನಿಂದ್ರು, ಬರಬ್ಯಾಡ,” ಅನ್ನುತ್ತಿದ್ದಳು. ಸ್ವಲ್ಪ ದಿನ ಗುಳಿಗೆ ತಿಂದ ಮೇಲೆ ಇನ್ನು ಅಂಟುವುದಿಲ್ಲ ಎಂದು ಆಶಾ ಕಾರ್ಯಕರ್ತೆ ಹೇಳಿದರೂ ನಂಬಲಿಲ್ಲ. “ಹಿಂದ ಒಮ್ಮಿ ಏನೂ ಇಲ್ಲ ಅಂದಿದ್ರಲ್ಲ,” ಅಂದಳು. ಮಗಳು ಕೆಲವು ದಿನ ಅತ್ತಳು. ಆಮೇಲೆ ನನ್ನ ಪಕ್ಕದಲ್ಲಿ ಮಲಗುವುದು ರೂಢಿಯಾಯಿತು.

ಗುಳಿಗೆ ಮೈಗೆ ಹಿಡಿಯಲು ಬಹಳ ಕಾಡಿತು. ತಿಂದದ್ದೆಲ್ಲ ವಾಂತಿ. ಗುಳಿಗೆಯ ಬಣ್ಣಕ್ಕೆ ಮೂತ್ರ ಕೆಂಪಾದದ್ದು ನೋಡಿ ಹೆದರಿ ಎರಡು ಸಲ ಬಿಟ್ಟೇಬಿಡುತ್ತೇನೆ ಅಂದಳು. ಮಳೆಗಾಲ ಪೂರ್ತಿ ಹೀಗೇ ಹೋಯಿತು. ಕೊನೆಗೆ ಕಫದಲ್ಲಿ ರೋಗವಿಲ್ಲ ಎಂದು ಬರೆದುಕೊಟ್ಟರು. ಆದರೆ ಬಲಗಡೆಯ ಶ್ವಾಸಕೋಶ ಮುದುಡಿಹೋಗಿತ್ತು. ಅದು ಮತ್ತೆ ಮೊದಲಿನಂತಾಗುವುದಿಲ್ಲ, ಧೂಳಿನ ಕೆಲಸಕ್ಕಂತೂ ಹೋಗಲೇಬಾರದು ಅಂದರು.

ಹೊಸ ಹತ್ತಿ ಬಂದಾಗ ಅವಳು ಹೇಳದೆ ಕೇಳದೆ ಮಿಲ್ಲಿಗೆ ಹೋಗಿದ್ದಳು. ಗೇಟಿನಲ್ಲೇ ಮೇಸ್ತ್ರಿ, “ಬ್ಯಾಡಬೇ, ನೀ ಇಲ್ಲೇ ಬಿದ್ರ ನಾ ಯಾರಿಗೆ ಹೇಳ್ಲಿ?” ಎಂದು ವಾಪಸು ಕಳಿಸಿದ. ಅವಳ ಸಾಲಿನ ಹೆಂಗಸೊಬ್ಬಳು ಆಟೋದಲ್ಲಿ ತಂದುಬಿಟ್ಟಳು.

ನಾನು ಈಗ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಮೊನ್ನೆ ಸಂಜೆ ಅವಳ ಕಟ್ಟೆಯ ಮೇಲೆ ಕುಳಿತಿದ್ದಾಗ, ತಾನಾಗಿಯೇ, “ಆ ಫೋಟೋ ನಿನ್ನ ಫೋನಿನಾಗ ಅದಾವಂತಲ್ಲ, ತೋರ್ಸು,” ಅಂದಳು. ಇಷ್ಟು ದಿನ ಅವಳು ಅದನ್ನು ಕೇಳಿರಲಿಲ್ಲ. ಕ್ಯಾಂಪಿನ ದಿನದ್ದನ್ನು ಮೊದಲು ತೋರಿಸಿದೆ. ಬಿಳಿ ಎಲುಬುಗಳ ನಡುವೆ ಮೋಡದಂಥ ಸಣ್ಣ ಮಚ್ಚೆ. ಅವಳು ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

“ಇದೇನು?”

“ಹೌದು.”

“ಇಷ್ಟ ಇತ್ತೇನು ಆವಾಗ?”

“ಇಷ್ಟ ಇತ್ತು.”

ಇನ್ನೊಂದನ್ನು ತೋರಿಸಿದೆ. ಅದನ್ನು ಅವಳು ಹೆಚ್ಚು ಹೊತ್ತು ನೋಡಲಿಲ್ಲ. ಮತ್ತೆ ಮೊದಲಿನದಕ್ಕೇ ಹೋಗು ಎಂದು ಬೆರಳಲ್ಲಿ ಸನ್ನೆ ಮಾಡಿದಳು.

“ಎಲ್ಲಿ ಇಟ್ಟಿದ್ರಿ ಇದನ್ನ, ಅಷ್ಟು ದಿನ?”

“ಅಲ್ಲೇ ಇತ್ತು ಸಣ್ಣವ್ವಾ. ಯಾರೂ ತೆಗದು ನೋಡ್ಲಿಲ್ಲ.”

ಅವಳು ತಲೆಯಾಡಿಸಿದಳು. ಬೈಯಲಿ ಎಂದು ನಾನು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಫೋನನ್ನು ನನ್ನ ತೊಡೆಯ ಮೇಲಿಟ್ಟು, “ಅಳಿಸಿಬಿಡು. ಕೂಸು ಫೋನ್ ಹಿಡಕೊಂಡು ಆಡ್ತಾಳ. ನೋಡಿ ಹೆದರ್ಕೊಂಡಾಳು,” ಅಂದಳು.

ಅವಳ ಎದುರಿಗೇ ಅಳಿಸಿದೆ. ಆಮೇಲೆ ಒಲೆ ಹಚ್ಚಬೇಕು ಎಂದು ಅವಳು ಗೋಡೆ ಹಿಡಿದು ಎದ್ದಳು. ನಾನು ಕೈ ಕೊಡಲು ಹೋದರೆ ಬೇಡ ಅಂದಳು. ಹೊಸ್ತಿಲು ದಾಟುವಷ್ಟರಲ್ಲಿ ಉಸಿರು ಕಟ್ಟಿ, ಬಾಗಿಲ ಚೌಕಟ್ಟಿಗೆ ಹಣೆ ಹಚ್ಚಿ ನಿಂತಳು. ಅವಳ ಬೆನ್ನು ಏರಿ ಇಳಿಯುವುದು ರವಿಕೆಯ ಮೇಲಿಂದಲೇ ಕಾಣುತ್ತಿತ್ತು. ಉಸಿರು ಹದಕ್ಕೆ ಬರುವ ತನಕ ನಾನು ಹಿಂದೆ ನಿಂತಿದ್ದೆ.